ಊಟ, ಸ್ನಾನ ಆಯ್ತು ಅಂದರೆ ಆರೈಕೆ ಆಯ್ತಾ? ಆಟಿಸಂ ಇರುವ ದೊಡ್ಡವರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗ್ಗೆ

ನಮ್ಮ ಚಿಕ್ಕಮ್ಮನ ಮಗನಿಗೆ ಈಗ 29 ವರ್ಷ. ಆಟಿಸಂ ಇದೆ, ಜೊತೆಗೆ ಬೌದ್ಧಿಕ ಅಸಾಮರ್ಥ್ಯವೂ ಇದೆ. ಮಾತು ಬರುವುದಿಲ್ಲ. ಹೋದ ವರ್ಷ ಚಿಕ್ಕಪ್ಪನಿಗೆ ಬೈಪಾಸ್ ಆಯಿತು. ಅಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರೇ ಮಗನನ್ನು ನೋಡಿಕೊಂಡಿದ್ದರು. ಮೊದಲ ಸಲ ಏಜೆನ್ಸಿಗೆ ಫೋನ್ ಮಾಡಿ ಹೋಂ ನರ್ಸ್ ಒಬ್ಬರನ್ನು ಕರೆಸಿದರು. ಬಂದ ಹುಡುಗ ಒಳ್ಳೆಯವನೇ. ಹೊತ್ತಿಗೆ ಸರಿಯಾಗಿ ಸ್ನಾನ, ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಬಟ್ಟೆ.

ಎರಡು ತಿಂಗಳಾದ ಮೇಲೆ ಚಿಕ್ಕಮ್ಮ ಒಂದು ವಿಷಯ ಗಮನಿಸಿದರು. ತಟ್ಟೆ ಮುಂದಿಟ್ಟರೆ ಮಗ ಕೈ ಹಾಕುತ್ತಿಲ್ಲ. ಬಾಯಿ ತೆರೆದು ಸುಮ್ನೆ ಕಾಯುತ್ತಾನೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ತಾನೇ ನುಂಗುತ್ತಿದ್ದ ಹುಡುಗ. ಅಷ್ಟು ಕಲಿಯಲು ಅವನಿಗೆ ಆರು ವರ್ಷ ಹಿಡಿದಿತ್ತು. ಮರೆಯಲು ಎರಡು ತಿಂಗಳು ಸಾಕಾಯಿತು.

ಅವನಿಗೆ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ, ಹಸಿದುಕೊಂಡಿರಲು ಬಿಟ್ಟಿರಲಿಲ್ಲ. ಆದರೂ ಏನೋ ತಪ್ಪಿತ್ತು. ಆ ತಪ್ಪು ಏನು ಅಂತ ಏಜೆನ್ಸಿಯವರಿಗೆ ಹೇಳೋಣ ಅಂದರೆ ನಮಗ್ಯಾರಿಗೂ ಮಾತೇ ಸಿಗಲಿಲ್ಲ.

ಇಂಥ ಮನೆಗಳು ಈಗ ಜಾಸ್ತಿಯಾಗುತ್ತಿವೆ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಅಣ್ಣನೋ ಅಕ್ಕನೋ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಹೊರಗಿನವರ ಕೈಗೆ ಮಗನನ್ನು ಒಪ್ಪಿಸಲೇಬೇಕು. ಒಪ್ಪಿಸಿದ ಮೇಲೆ ಆರೈಕೆ ಚೆನ್ನಾಗಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಅವನನ್ನೇ ಕೇಳೋಣ ಅಂದರೆ ಅವನಿಗೆ ಹೇಳಲು ಬರುವುದಿಲ್ಲ. ಹಾಗಾಗಿ ಅವನ ದಿನವನ್ನೇ ಓದಬೇಕಾಗುತ್ತದೆ. ಓದುವುದು ಹೇಗೆ ಅಂತ ಮೊದಲಿಂದ ನೋಡೋಣ.

ಹೆಸರುಗಳ ಗೊಂದಲ

ಬೌದ್ಧಿಕ ಅಸಾಮರ್ಥ್ಯ ಅಂದರೆ ಕಲಿಯುವುದು, ಯೋಚಿಸುವುದು, ದಿನದ ಕೆಲಸಗಳನ್ನು ತಾನೇ ನಿಭಾಯಿಸುವುದು ವಯಸ್ಸಿಗೆ ತಕ್ಕಷ್ಟು ಬೆಳೆಯದಿರುವುದು. ಇದು ಹುಟ್ಟಿನಿಂದಲೋ ಬಾಲ್ಯದಿಂದಲೋ ಇರುತ್ತದೆ. ಐಕ್ಯೂ ಪರೀಕ್ಷೆಯಲ್ಲಿ ಸುಮಾರು 70ಕ್ಕಿಂತ ಕಡಿಮೆ ಬಂದರೆ ಅದೊಂದು ಸುಳಿವು. ಆ ಅಂಕ ಒಂದೇ ಸಾಲದು. ಬಟ್ಟೆ ಹಾಕಿಕೊಳ್ಳುತ್ತಾರಾ, ದುಡ್ಡು ಎಣಿಸುತ್ತಾರಾ, ರಸ್ತೆ ದಾಟುತ್ತಾರಾ ಅನ್ನುವುದನ್ನೂ ನೋಡುತ್ತಾರೆ. ಹಿಂದೆ ಇದನ್ನೇ 'ಬುದ್ಧಿಮಾಂದ್ಯ' ಅನ್ನುತ್ತಿದ್ದರು. ಹಳೆಯ ಸರ್ಟಿಫಿಕೇಟುಗಳಲ್ಲಿ ಆ ಪದ ಇನ್ನೂ ಇದೆ. ಕೇಳಿಸಿಕೊಳ್ಳುವವರಿಗೆ ನೋವಾಗುತ್ತದೆ, ಆ ಪದ ಬಿಟ್ಟುಬಿಡುವುದೇ ಒಳ್ಳೆಯದು.

ಕಲಿಕಾ ನ್ಯೂನತೆ ಬೇರೆ. ಡಿಸ್ಲೆಕ್ಸಿಯಾ ಇದ್ದವರಿಗೆ ಬುದ್ಧಿ ಚೆನ್ನಾಗಿಯೇ ಇರುತ್ತದೆ, ಓದು ಬರಹದಲ್ಲಿ ಮಾತ್ರ ತೊಡಕು. ಇಲ್ಲೊಂದು ಎಚ್ಚರ ಬೇಕು. ನಾವು ಬೌದ್ಧಿಕ ಅಸಾಮರ್ಥ್ಯ ಅನ್ನುವುದನ್ನು ಬ್ರಿಟನ್ನಿನಲ್ಲಿ 'ಲರ್ನಿಂಗ್ ಡಿಸಬಿಲಿಟಿ' ಅನ್ನುತ್ತಾರೆ. ನೆಟ್‌ನಲ್ಲಿ ಹುಡುಕುವಾಗ ಅಲ್ಲಿಯ ಲೇಖನ ಸಿಕ್ಕಿದರೆ ಇದನ್ನು ನೆನಪಿಟ್ಟುಕೊಳ್ಳಿ. ಇಲ್ಲದಿದ್ದರೆ ಡಿಸ್ಲೆಕ್ಸಿಯಾ ಬಗ್ಗೆ ಬರೆದಿದ್ದಾರೆ ಅಂದುಕೊಂಡು ಬೇಕಾದ ಮಾಹಿತಿಯನ್ನೇ ದಾಟಿ ಹೋಗುತ್ತೀರಿ.

ಆಟಿಸಂ, ಕನ್ನಡದಲ್ಲಿ ಸ್ವಲೀನತೆ, ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದರು. ಮಾತು, ಬೇರೆಯವರ ಜೊತೆ ಬೆರೆಯುವುದು, ಬದಲಾವಣೆಗೆ ಹೊಂದಿಕೊಳ್ಳುವುದು, ಸದ್ದು ಬೆಳಕು ಸ್ಪರ್ಶವನ್ನು ತಡೆದುಕೊಳ್ಳುವುದು, ಇವೆಲ್ಲ ಆಟಿಸಂ ಇರುವವರಲ್ಲಿ ಬೇರೆ ಥರ ಇರುತ್ತವೆ. ಒಂದೇ ಸ್ವಿಚ್ ಬೋರ್ಡಿನಲ್ಲಿ ಐದಾರು ಫ್ಯಾನ್ ರೆಗ್ಯುಲೇಟರ್ ಇವೆ ಅಂದುಕೊಳ್ಳಿ. ಒಬ್ಬರಲ್ಲಿ ಮೊದಲನೆಯದು 5ರಲ್ಲಿ, ಎರಡನೆಯದು 1ರಲ್ಲಿ. ಇನ್ನೊಬ್ಬರಲ್ಲಿ ಅದು ಪೂರ್ತಿ ತಿರುಗಮುರುಗ. ಅದಕ್ಕೇ ಆಟಿಸಂ ಇರುವ ಒಬ್ಬರನ್ನು ನೋಡಿಕೊಂಡ ಅನುಭವ ಇನ್ನೊಬ್ಬರಿಗೆ ಹಾಗೇ ಹೊಂದುವುದಿಲ್ಲ. ಆಟಿಸಂ ಇರುವ ಎಷ್ಟೋ ಜನರಿಗೆ ಬೌದ್ಧಿಕ ಅಸಾಮರ್ಥ್ಯ ಇರುವುದಿಲ್ಲ. ಕೆಲವರಿಗೆ ಎರಡೂ ಇರುತ್ತವೆ.

ಇವೆರಡೂ ಮಾನಸಿಕ ಕಾಯಿಲೆಗಳಲ್ಲ. ಔಷಧಿ ಕೊಟ್ಟು ವಾಸಿ ಮಾಡುವಂಥವೂ ಅಲ್ಲ.

ಕುಕ್ಕರ್ ವಿಶಲ್ ಮತ್ತು ಶರ್ಟಿನ ಲೇಬಲ್

ಆರೈಕೆಯ ಗುಣಮಟ್ಟಕ್ಕೂ ಕುಕ್ಕರ್ ವಿಶಲ್‌ಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಬಹಳ ಇದೆ. ಆಟಿಸಂ ಇರುವ ಅನೇಕರಿಗೆ ಇಂದ್ರಿಯಗಳು ತೀರಾ ಚುರುಕಾಗಿರುತ್ತವೆ. ನಮಗೆ ವಿಶಲ್ ಅಷ್ಟೇ ಅನ್ನಿಸುವ ಸದ್ದು ಅವರಿಗೆ ಕಿವಿಯೊಳಗೇ ಪಟಾಕಿ ಹೊಡೆದ ಹಾಗೆ. ಶರ್ಟಿನ ಕಾಲರಿಗೆ ಹೊಲಿದಿರುವ ಲೇಬಲ್ ಅವರಿಗೆ ಇಡೀ ದಿನ ಮುಳ್ಳು. ಮಿಣುಕುವ ಟ್ಯೂಬ್‌ಲೈಟ್ ಕೆಳಗೆ ಕೂತು ಊಟ ಮಾಡಲು ಆಗುವುದೇ ಇಲ್ಲ. ಇನ್ನು ಕೆಲವರಲ್ಲಿ ಇದು ಉಲ್ಟಾ. ಬಿಸಿ ತಟ್ಟುವುದೇ ಗೊತ್ತಾಗುವುದಿಲ್ಲ, ಗಾಯವಾದರೂ ಅಳುವುದಿಲ್ಲ. ಅಂಥವರ ಸ್ನಾನದ ನೀರನ್ನು ನೋಡಿಕೊಳ್ಳುವವರೇ ಕೈಯಿಟ್ಟು ನೋಡಬೇಕು.

ಬದಲಾವಣೆಯ ವಿಷಯವೂ ಹೀಗೇ. ಗುರುತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ, ಬೋರ್ಡೇ ಇಲ್ಲದ ಬಸ್ಸು ಹತ್ತಿಸಿ ಕೂರಿಸಿದರೆ ನಮಗೆ ಹೇಗಾಗುತ್ತದೆ? ಮುಂದೆ ಏನು ಅಂತ ತಿಳಿಯದ ದಿನ ಅವರಿಗೆ ಹಾಗೇ ಇರುತ್ತದೆ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಯಾರು ಬರುತ್ತಾರೆ ಅಂತ ಚಿತ್ರ ಅಂಟಿಸಿದ ಒಂದು ರಟ್ಟು ಗೋಡೆಯ ಮೇಲಿದ್ದರೆ, ಅದೇ ಆ ಬಸ್ಸಿನ ಬೋರ್ಡು. ಸ್ನಾನದ ಚೊಂಬು, ತಟ್ಟೆ, ಪಾರ್ಕಿನ ಗೇಟು, ಹಾಸಿಗೆ ಇವುಗಳ ಫೋಟೊ ತೆಗೆದು ಸಾಲಾಗಿ ಅಂಟಿಸಿದರೂ ಸಾಕು.

ಹೊಸದಾಗಿ ಬಂದ ಹೋಂ ನರ್ಸ್‌ಗೆ ಇದು ಗೊತ್ತಿದೆಯಾ ಅನ್ನುವುದೇ ಮೊದಲ ಪರೀಕ್ಷೆ. ಗೊತ್ತಿಲ್ಲದಿದ್ದರೆ ತಪ್ಪಲ್ಲ, ಕಲಿಯಬಹುದು. ಹೇಳಿದ ಮೇಲೂ "ನಾಲ್ಕು ದಿನ ಹೀಗೇ ಮಾಡಿದರೆ ಅಭ್ಯಾಸ ಆಗುತ್ತೆ ಬಿಡಿ ಅಮ್ಮ" ಅಂದರೆ ಯೋಚಿಸಬೇಕು.

ಮಾಡಿಕೊಡುವುದು, ಮಾಡಿಸುವುದು

ಈಗ ಮುದ್ದೆಯ ವಿಷಯಕ್ಕೆ ಬರೋಣ. ಕನ್ನಡದಲ್ಲಿ 'ಮಾಡಿಕೊಡುವುದು' ಬೇರೆ, 'ಮಾಡಿಸುವುದು' ಬೇರೆ. ಮೊದಲು ಬಂದ ಆ ಹೋಂ ನರ್ಸ್ ಹುಡುಗ ಎಲ್ಲವನ್ನೂ ಮಾಡಿಕೊಟ್ಟ. ತಿನ್ನಿಸಿದರೆ ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ, ಬಟ್ಟೆಯೂ ಕೊಳೆಯಾಗುವುದಿಲ್ಲ. ಅವನೇ ತಿನ್ನಲಿ ಅಂತ ಬಿಟ್ಟರೆ ನಲವತ್ತು ನಿಮಿಷ, ನೆಲವೆಲ್ಲ ಸಾರು. ಸಂಬಳ ಕೊಡುವವರ ಕಣ್ಣಿಗೂ ಮೊದಲನೆಯದೇ ಚೆನ್ನಾಗಿ ಕಾಣುತ್ತದೆ.

ಎರಡನೆಯ ಸಲ ಬಂದವರು ಸ್ವಲ್ಪ ವಯಸ್ಸಾದ ಮನುಷ್ಯ. ಅವರು ಮಾಡಿದ್ದು ಇಷ್ಟೇ. ಅವನ ಪಕ್ಕ ಕೂತು, ಮೊಣಕೈ ಕೆಳಗೆ ತಮ್ಮ ಕೈಯಿಟ್ಟು, ತಟ್ಟೆಯ ಹತ್ತಿರ ತಂದು ನಿಲ್ಲಿಸಿದರು. ಮುದ್ದೆ ಮುರಿದುಕೊಡಲಿಲ್ಲ. ಕಾದರು. ಮೊದಲ ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆರಳು ಮುದ್ದೆಯ ಮೇಲೆ ಊರಿತು. ಒಂದು ತಿಂಗಳಾಗುವಷ್ಟರಲ್ಲಿ ಮೊಣಕೈ ಹಿಡಿಯುವುದೂ ಬೇಡವಾಯಿತು.

ಬೇರೆ ದೇಶಗಳಲ್ಲಿ ಇದಕ್ಕೆ ತರಬೇತಿಗಳೇ ಇವೆ. ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಅವರಿಗೆ ಆಗುವ ಹೆಜ್ಜೆಯನ್ನು ಅವರಿಗೇ ಬಿಡುವುದು, ಆಗದ ಹೆಜ್ಜೆಗೆ ಮಾತ್ರ ಕೈ ಕೊಡುವುದು. ಅಂಗಿ ಹಾಕುವುದರಲ್ಲಿ ಏಳು ಹೆಜ್ಜೆ ಇದ್ದರೆ, ಕೊನೆಯ ಗುಂಡಿಯನ್ನಾದರೂ ಅವನೇ ಹಾಕಲಿ. ಹಾಗೆ ಮಾಡಿದಾಗ ಅಂಗಿ ಹಾಕಿಕೊಂಡವನು ಅವನೇ ಆಗುತ್ತಾನೆ.

ಆಯ್ಕೆಯೂ ಇದರಲ್ಲೇ ಬರುತ್ತದೆ. ಮಾತು ಬರದವರಿಗೆ ಇಷ್ಟಾನಿಷ್ಟ ಇಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. ಎರಡು ಅಂಗಿ ಎತ್ತಿ ತೋರಿಸಿ. ಕಣ್ಣು ಯಾವುದರ ಕಡೆ ಹೋಗುತ್ತದೆ ನೋಡಿ. ಉತ್ತರ ಬರಲು ಹೊತ್ತಾಗುತ್ತದೆ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವು ಸಾಮಾನ್ಯವಾಗಿ ಎರಡು ಎಣಿಸುವಷ್ಟರಲ್ಲಿ "ಇದು ಹಾಕ್ಕೊಳ್ಳಪ್ಪ" ಅಂದುಬಿಡುತ್ತೇವೆ. ದೋಸೆಯೋ ಉಪ್ಪಿಟ್ಟೋ, ಪಾರ್ಕೋ ಟೆರೇಸೋ, ಇವತ್ತು ತಲೆಗೆ ಸ್ನಾನ ಬೇಕೋ ಬೇಡವೋ, ಹೀಗೆ ದಿನಕ್ಕೆ ಎಷ್ಟು ಸಲ ಅವನನ್ನು ಕೇಳುತ್ತಾರೆ ಅಂತ ಒಂದು ದಿನ ಸುಮ್ನೆ ಎಣಿಸಿ ನೋಡಿ. ಮನೆಯ ಆರೈಕೆ ಹೇಗಿದೆ ಅಂತ ಆ ಎಣಿಕೆಯೇ ಹೇಳುತ್ತದೆ.

ಹೇಳಲು ಬಾರದವರ ನೋವು

ಈ ಭಾಗ ಪ್ರಾಣಕ್ಕೆ ಸಂಬಂಧಿಸಿದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಹುಡುಗ ಒಂದು ಸಲ ಎಡಗಡೆಯ ಕಿವಿಗೆ ತಾನೇ ಹೊಡೆದುಕೊಳ್ಳಲು ಶುರುಮಾಡಿದ. ಕೆಂಪಾಗುವಷ್ಟು. ಹಠ ಅಂದರು ಕೆಲವರು. ಆಟಿಸಂನವರು ಹಾಗೇ ಅಂದರು ಇನ್ನು ಕೆಲವರು. ಮಾತ್ರೆಯ ಡೋಸ್ ಏರಿಸಿ ಅನ್ನುವ ಸಲಹೆಯೂ ಬಂತು. ಹೊಸದಾಗಿ ಬಂದಿದ್ದ ಆ ಹಿರಿಯರು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದರು. ಹೊಡೆದುಕೊಳ್ಳುವ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಹತ್ತು ದಿನ ಬರೆದರು. ನೋಡಿದರೆ, ಹೊಡೆದುಕೊಳ್ಳುವುದು ಊಟದ ನಂತರ ಮಾತ್ರ. ತಣ್ಣನೆಯ ಮೊಸರನ್ನ ಇದ್ದ ದಿನ ಇನ್ನೂ ಜಾಸ್ತಿ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಡಗಡೆಯ ದವಡೆ ಹಲ್ಲು ಬುಡದವರೆಗೂ ಹುಳುಕಾಗಿತ್ತು. ಎಷ್ಟು ದಿನದಿಂದ ಅನುಭವಿಸಿದ್ದನೋ.

ನೋವನ್ನು ನೋವು ಅಂತ ನೋಡದೆ, "ಅದು ಅವರ ಸ್ಥಿತಿಯದೇ ಭಾಗ" ಅಂದುಬಿಡುವ ಈ ತಪ್ಪು ಎಲ್ಲ ಕಡೆ ನಡೆಯುತ್ತದೆ, ಆಸ್ಪತ್ರೆಗಳಲ್ಲೂ. ಇಂಗ್ಲೆಂಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿಯೊಂದು 2013ರಲ್ಲಿ ಬಂತು. ಅವರಲ್ಲಿ ಗಂಡಸರು ಉಳಿದವರಿಗಿಂತ ಸರಾಸರಿ 13 ವರ್ಷ ಮೊದಲೇ, ಹೆಂಗಸರು 20 ವರ್ಷ ಮೊದಲೇ ತೀರಿಕೊಳ್ಳುತ್ತಿದ್ದರು. ಸರಿಯಾದ ಹೊತ್ತಿಗೆ ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ಅದರಲ್ಲಿ ಎಷ್ಟೋ ಸಾವುಗಳನ್ನು ತಪ್ಪಿಸಬಹುದಿತ್ತು.

ಹಾಗಾದರೆ ಮನೆಯಲ್ಲಿ ಏನು ಗಮನಿಸಬೇಕು? ಮೊದಲನೆಯದು ಮಲಬದ್ಧತೆ. ಕೇಳಲು ಸಣ್ಣ ವಿಷಯ, ಆದರೆ ಗಮನಿಸದೆ ಬಿಟ್ಟರೆ ಪ್ರಾಣಕ್ಕೇ ಬರಬಹುದು. ನೀರು ಕಡಿಮೆ ಕುಡಿಯುವುದು, ಓಡಾಟ ಇಲ್ಲದಿರುವುದು, ಕೆಲವು ಮಾತ್ರೆಗಳು, ಎಲ್ಲ ಸೇರಿ ಇದನ್ನು ತರುತ್ತವೆ. ಟಾಯ್ಲೆಟ್ಟಿಗೆ ಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಎರಡನೆಯದು ನುಂಗುವ ತೊಂದರೆ. ಊಟದ ನಡುವೆ ಪದೇ ಪದೇ ಕೆಮ್ಮು ಬಂದರೆ ಅನ್ನ ಶ್ವಾಸಕೋಶದ ಕಡೆ ಹೋಗುತ್ತಿರಬಹುದು. ಮಲಗಿಸಿಕೊಂಡು ತಿನ್ನಿಸಬಾರದು, ನೆಟ್ಟಗೆ ಕೂರಿಸಿ ತಿನ್ನಿಸಬೇಕು. ಬೌದ್ಧಿಕ ಅಸಾಮರ್ಥ್ಯ ತರುವ, ಹುಟ್ಟಿನಿಂದಲೇ ಇರುವ ಡೌನ್ ಸಿಂಡ್ರೋಮ್ ಇದ್ದವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ. ನಲವತ್ತು ದಾಟಿದ ಮೇಲೆ ಅವರಲ್ಲಿ ಮರೆವಿನ ಕಾಯಿಲೆಯೂ ಬೇರೆಯವರಿಗಿಂತ ಬೇಗ ಬರುತ್ತದೆ. "ಈಚೆಗೆ ಸೋಮಾರಿಯಾಗಿದ್ದಾಳೆ" ಅನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಫಿಟ್ಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬೌದ್ಧಿಕ ಅಸಾಮರ್ಥ್ಯ ಇರುವ ಸುಮಾರು ಐವರಲ್ಲಿ ಒಬ್ಬರಿಗೆ ಮೂರ್ಛೆ ರೋಗ ಇರುತ್ತದೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಗಡಿಯಾರ ನೋಡಿಕೊಳ್ಳಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಹೋಂ ನರ್ಸ್‌ಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಒಂದು ಸಲ ಮಾಡಿ ತೋರಿಸಲು ಹೇಳಿ.

ಸಿಟ್ಟು, ಕೂಗಾಟ ಮತ್ತು ಮಾತ್ರೆ

ಹೊಡೆಯುವುದು, ಕಚ್ಚುವುದು, ಸಾಮಾನು ಎಸೆಯುವುದು ಇದ್ದರೆ ಮನೆಯವರು ಸೋತುಹೋಗುತ್ತಾರೆ. ಅವರನ್ನು ದೂರುವ ಹಾಗೆಯೇ ಇಲ್ಲ. ಆದರೆ ಮಾತಿಲ್ಲದವರ ಸಿಟ್ಟು ಒಂದು ಮಾತೇ. ನೋವಿದೆ, ಸದ್ದು ತಡೆಯಲಾಗುತ್ತಿಲ್ಲ, ಬೇಜಾರಾಗಿದೆ, ಇದು ಬೇಡ, ಇಷ್ಟರಲ್ಲಿ ಏನೋ ಒಂದು ಹೇಳುತ್ತಿರುತ್ತಾರೆ. ಮೇಲೆ ಹೇಳಿದ ಮೂರು ಕಾಲಂ ಲೆಕ್ಕ ಅದನ್ನು ಕನ್ನಡಕ್ಕೆ ತಂದುಕೊಡುತ್ತದೆ.

ಕೋಣೆಗೆ ಹಾಕಿ ಚಿಲಕ ಹಾಕುವುದು, ಕಾಲು ಕಟ್ಟುವುದು, "ಊಟ ಕೊಡಲ್ಲ ನೋಡು" ಅನ್ನುವುದು ಆ ಕ್ಷಣಕ್ಕೆ ಗದ್ದಲ ನಿಲ್ಲಿಸಬಹುದು. ಕಾರಣ ಅಲ್ಲೇ ಉಳಿಯುತ್ತದೆ, ಭಯ ಮಾತ್ರ ಹೊಸದಾಗಿ ಸೇರಿಕೊಳ್ಳುತ್ತದೆ.

ಮಾತ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ತೀವ್ರ ಕಿರಿಕಿರಿ, ನಿದ್ರೆಯಿಲ್ಲದಿರುವುದು, ಫಿಟ್ಸ್, ಇವಕ್ಕೆ ಔಷಧಿ ನಿಜವಾಗಿಯೂ ಬೇಕಾಗುತ್ತದೆ. ಆದರೆ ಬರೀ ಸುಮ್ಮನಿರಲಿ ಅಂತ ಕೊಡುವ ಮಾತ್ರೆಯೂ ಇದೆ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದಾಗ, ಬೌದ್ಧಿಕ ಅಸಾಮರ್ಥ್ಯ ಇರುವ 30,000ದಿಂದ 35,000 ವಯಸ್ಕರು ಸರಿಯಾದ ಕಾರಣವಿಲ್ಲದೆ ದಿನವೂ ಮನಸ್ಸಿನ ಮೇಲೆ ಕೆಲಸ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಗೊತ್ತಾಯಿತು. ಮರುವರ್ಷವೇ ಅದನ್ನು ಕಡಿಮೆ ಮಾಡುವ ಅಭಿಯಾನ ಶುರುವಾಯಿತು. ಈ ಮಾತ್ರೆಗಳಲ್ಲಿ ಕೆಲವು ತೂಕ ಏರಿಸುತ್ತವೆ, ಸಕ್ಕರೆ ಕಾಯಿಲೆಗೂ ದಾರಿ ಮಾಡುತ್ತವೆ. ಹಾಗಂತ ಓದಿದ ಕೂಡಲೇ ನಿಲ್ಲಿಸಬಾರದು, ಅದು ಇನ್ನೂ ಅಪಾಯ. ಮುಂದಿನ ಸಲ ಡಾಕ್ಟರನ್ನು ಕಂಡಾಗ ಮೂರು ಪ್ರಶ್ನೆ ಕೇಳಿ. ಇದು ಯಾವುದಕ್ಕೆ, ಎಷ್ಟು ದಿನ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ.

ಇಂಗ್ಲೆಂಡ್ ಕಲಿತ ಐದು ಪ್ರಶ್ನೆ

ಪದೇ ಪದೇ ಇಂಗ್ಲೆಂಡಿನ ಹೆಸರು ಬರುವುದಕ್ಕೆ ಕಾರಣ ಇದೆ. 2011ರ ಮೇ 31ರಂದು ಬಿಬಿಸಿ ಒಂದು ರಹಸ್ಯ ಕ್ಯಾಮೆರಾ ಕಾರ್ಯಕ್ರಮ ಪ್ರಸಾರ ಮಾಡಿತು. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬೌದ್ಧಿಕ ಅಸಾಮರ್ಥ್ಯ ಮತ್ತು ಆಟಿಸಂ ಇರುವವರಿಗೆ ಸಿಬ್ಬಂದಿಯೇ ಹೊಡೆಯುವುದು, ಗೇಲಿ ಮಾಡುವುದು ಅದರಲ್ಲಿ ಕಂಡಿತು. ಅಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರು ಮೊದಲೇ ತಪಾಸಣಾ ಸಂಸ್ಥೆಗೆ ತಿಳಿಸಿದ್ದರು. ಸಂಸ್ಥೆ ಗಮನ ಕೊಟ್ಟಿರಲಿಲ್ಲ. ಆಸ್ಪತ್ರೆ ಮುಚ್ಚಿತು. ಮರುವರ್ಷ 11 ಸಿಬ್ಬಂದಿಗೆ ಶಿಕ್ಷೆಯಾಯಿತು, ಅದರಲ್ಲಿ ಆರು ಮಂದಿ ಜೈಲಿಗೆ ಹೋದರು. ಇಂಥವರು ದೂರದ ಸಂಸ್ಥೆಗಳಲ್ಲಿ ಅಲ್ಲ, ತಮ್ಮ ಊರಲ್ಲಿ, ಮನೆಯಂಥ ಜಾಗದಲ್ಲಿ ಬದುಕಬೇಕು ಅನ್ನುವ ಮಾತಿಗೆ ಅಲ್ಲಿ ಆಮೇಲೆ ಹೆಚ್ಚು ಬಲ ಬಂತು.

ಇವತ್ತು ಅಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ, ಮನೆಗೆ ಬಂದು ಆರೈಕೆ ಮಾಡುವ ಏಜೆನ್ಸಿಗಳನ್ನೂ ತಪಾಸಣೆ ಮಾಡುತ್ತದೆ. ಐದು ಪ್ರಶ್ನೆ ಕೇಳುತ್ತದೆ. ಸುರಕ್ಷಿತವಾಗಿದೆಯಾ? ಪ್ರಯೋಜನ ಆಗುತ್ತಿದೆಯಾ? ಅಕ್ಕರೆ ಇದೆಯಾ? ಈ ವ್ಯಕ್ತಿಗೆ ಬೇಕಾದ ಹಾಗೆ ಬದಲಾಗುತ್ತದೆಯಾ? ನಡೆಸುವವರು ಸರಿಯಾಗಿ ನಡೆಸುತ್ತಿದ್ದಾರಾ? ಉತ್ತರ ನೋಡಿ 'ಅತ್ಯುತ್ತಮ'ದಿಂದ 'ಸಾಲದು'ವರೆಗೆ ನಾಲ್ಕು ದರ್ಜೆಯಲ್ಲಿ ಒಂದನ್ನು ಕೊಟ್ಟು ಎಲ್ಲರೂ ನೋಡುವ ಹಾಗೆ ಪ್ರಕಟಿಸುತ್ತದೆ.

ನಮ್ಮಲ್ಲಿ ಹೋಂ ನರ್ಸ್ ಏಜೆನ್ಸಿಗೆ ಹಾಗೆ ದರ್ಜೆ ಕೊಡುವವರು ಇಲ್ಲ. ಆ ಐದು ಪ್ರಶ್ನೆಗಳನ್ನು ಮನೆಯವರೇ ಕೇಳಿಕೊಳ್ಳಬೇಕು. ನಮ್ಮ ಚಿಕ್ಕಮ್ಮನ ಮನೆಗೆ ಹಚ್ಚಿ ನೋಡಿದರೆ, ಆ ಮೊದಲ ಹುಡುಗ ಒಂದನೆಯದರಲ್ಲಿ, ಮೂರನೆಯದರಲ್ಲಿ ಪಾಸು. ಎರಡು ಮತ್ತು ನಾಲ್ಕರಲ್ಲಿ ನಪಾಸು. ಏನೋ ತಪ್ಪಿದೆ ಅಂತ ಒದ್ದಾಡುತ್ತಿದ್ದ ನಮಗೆ ಆ ದಿನ ಸಿಗದೇ ಹೋದ ಮಾತು ಇದೇ.

ನಮ್ಮ ಕಾನೂನಿನಲ್ಲಿ ಏನಿದೆ

1995ರ ಹಳೆಯ ಕಾನೂನಿನಲ್ಲಿ ಏಳು ಬಗೆಯ ವಿಕಲತೆಗಳಿದ್ದವು, ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಎರಡೂ ಇವೆ. ಮನೆ ಆರೈಕೆಗೆ ಸಂಬಂಧಿಸಿದ ನಾಲ್ಕು ಮಾತು ಅದರಲ್ಲಿ ಮುಖ್ಯ.

ಸೆಕ್ಷನ್ 7ರ ಪ್ರಕಾರ, ವಿಕಲಚೇತನರ ಮೇಲೆ ದೌರ್ಜನ್ಯ ನಡೆಯುತ್ತಿದೆ ಅಂತ ಅನುಮಾನ ಬಂದ ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ತಹಶೀಲ್ದಾರರೇ ಆ ದಂಡಾಧಿಕಾರಿ. ಪಕ್ಕದ ಮನೆಯವರೂ ಹೇಳಬಹುದು. ಸೆಕ್ಷನ್ 10, ಒಪ್ಪಿಗೆಯಿಲ್ಲದೆ ಮಕ್ಕಳಾಗದ ಹಾಗೆ ಮಾಡುವ ಯಾವ ವೈದ್ಯಕೀಯ ಕ್ರಮವನ್ನೂ ತಡೆಯುತ್ತದೆ. ಮುಟ್ಟಿನ ದಿನಗಳು ಕಷ್ಟ ಅಂತ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಲು ಯೋಚಿಸುವ ಮನೆಗಳು ಇದನ್ನು ತಿಳಿದಿರಬೇಕು. ಸೆಕ್ಷನ್ 24, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಯೋಜನೆಯನ್ನು ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ರೂಪಿಸಬೇಕು ಅನ್ನುತ್ತದೆ. ಸೆಕ್ಷನ್ 92, ತನ್ನ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಬೇಕಂತಲೇ ಅನ್ನ ನೀರು ಕೊಡದಿರುವುದನ್ನು ಅಪರಾಧ ಅನ್ನುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. "ಊಟ ಕೊಡಲ್ಲ ನೋಡು" ಅಂತ ಹೆದರಿಸಿ, ಹೇಳಿದ ಹಾಗೇ ಮಾಡುವವರಿಗೆ ಇದು ಗೊತ್ತಿರಲಿ.

ಇನ್ನೊಂದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದಿರುವುದು), ಬೌದ್ಧಿಕ ಅಸಾಮರ್ಥ್ಯ, ಬಹುವಿಕಲತೆ ಇರುವವರಿಗಾಗಿ ಮಾಡಿದ್ದು. ಇದರಲ್ಲಿ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ. ಸೇರಿಕೊಳ್ಳಲು ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಖಾಸಗಿ ವಿಮೆಯವರು ಬಾಗಿಲು ಹಾಕಿದ ಮನೆಗಳಿಗೆ ಇದು ದೊಡ್ಡ ಆಸರೆ.

ಮಕ್ಕಳಿಗೆ 18 ತುಂಬಿದ ದಿನದಿಂದ ಅಪ್ಪ ಅಮ್ಮ ತಾನಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬ್ಯಾಂಕಿನಲ್ಲೋ ಆಸ್ತಿ ವಿಷಯದಲ್ಲೋ ತೊಡಕಾದಾಗಲೇ ತಿಳಿಯುವುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಲೀಗಲ್ ಗಾರ್ಡಿಯನ್ ನೇಮಕಕ್ಕೆ ಅಲ್ಲಿ ಅರ್ಜಿ ಹಾಕಬೇಕು. ಗಾರ್ಡಿಯನ್ ಆದವರು ಆಸ್ತಿಯ ಪಟ್ಟಿ, ವರ್ಷ ವರ್ಷದ ಲೆಕ್ಕ ಕೊಡಬೇಕು. ನಿರ್ಲಕ್ಷ್ಯ ಮಾಡಿದರೆ, ಹಿಂಸೆ ಕೊಟ್ಟರೆ, ಆಸ್ತಿ ನುಂಗಿದರೆ ಅವರನ್ನು ತೆಗೆದುಹಾಕಲೂ ದಾರಿ ಇದೆ.

ಎಲ್ಲಿಂದ ಶುರುಮಾಡುವುದು ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಿಂದ ಹಿಡಿದು ಮಾಸಾಶನದವರೆಗೆ ದಾರಿ ತೋರಿಸುವವರು ಅವರೇ. ತಪಾಸಣೆ, ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ.

ಹೊಸಬರನ್ನು ಕರೆಸುವಾಗ

ತುರ್ತು ಬಂದ ಮೇಲೆ ಹುಡುಕಬೇಡಿ. ಚಿಕ್ಕಮ್ಮ ಮಾಡಿದ್ದ ತಪ್ಪು ಅದೇ. ಆಪರೇಷನ್ ಮುಂದಿಟ್ಟುಕೊಂಡು ಫೋನ್ ಮಾಡಿದರೆ ಯಾರು ಸಿಕ್ಕರೂ ಸರಿ ಅನ್ನಿಸುತ್ತದೆ. ಎಲ್ಲರೂ ಆರೋಗ್ಯವಾಗಿರುವಾಗಲೇ ವಾರಕ್ಕೆ ಎರಡು ಸಂಜೆ, ಎರಡೆರಡು ಗಂಟೆ ಯಾರನ್ನಾದರೂ ಕರೆಸಿ. ಮೊದಲ ಕೆಲವು ಸಲ ನೀವು ಮನೆಯಲ್ಲೇ ಇರಿ, ಅವರು ಸುಮ್ನೆ ಪಕ್ಕದಲ್ಲಿ ಕೂರಲಿ. ಆಮೇಲೆ ಪಕ್ಕದ ಬೀದಿಯವರೆಗೆ ಹೋಗಿ ಬನ್ನಿ. ಆ ಎರಡು ಗಂಟೆಯಲ್ಲಿ ನಿಮಗೂ ಉಸಿರು ಬಂದ ಹಾಗಾಗುತ್ತದೆ. ನಿದ್ದೆಗೆಟ್ಟ, ಬೆನ್ನು ನೋವಿನ, ಯಾರ ಮದುವೆಗೂ ಹೋಗದ ತಾಯಿ ಕೊಡುವ ಆರೈಕೆಗೂ ಒಂದು ಮಿತಿ ಇರುತ್ತದೆ ಅಲ್ವಾ?

ಬಂದವರನ್ನು ಹೀಗೆ ನೋಡಿ. ಮೊದಲು ಯಾರ ಜೊತೆ ಮಾತಾಡುತ್ತಾರೆ, ನಿಮ್ಮ ಜೊತೆಯಾ, ಅವನ ಜೊತೆಯಾ? "ಇವನು ಏನು ತಿಂತಾನೆ" ಅಂತ ಅವನ ಎದುರಿಗೇ ನಿಮ್ಮನ್ನು ಕೇಳುತ್ತಾರಾ, ಇಲ್ಲ ಅವನ ಕಡೆ ತಿರುಗಿ ಕೇಳಿ, ಆಮೇಲೆ ನಿಮ್ಮನ್ನು ನೋಡುತ್ತಾರಾ? ಸ್ನಾನ ಮಾಡಿಸುವಾಗ ಬಾಗಿಲು ಎಳೆದುಕೊಳ್ಳುತ್ತಾರಾ? ಮುಟ್ಟುವ ಮೊದಲು ಹೇಳುತ್ತಾರಾ? ಬಿಡುವಿನಲ್ಲಿ ಮೊಬೈಲ್ ನೋಡುತ್ತಾರಾ, ಅವನನ್ನು ನೋಡುತ್ತಾರಾ? ಏಜೆನ್ಸಿ ತಿಂಗಳಿಗೊಬ್ಬರನ್ನು ಬದಲಾಯಿಸುತ್ತದೆಯಾ ಅಂತ ಮೊದಲೇ ಕೇಳಿ. ಹೊಸ ಮುಖ ಬಂದಾಗೆಲ್ಲ ಅವನು ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಸ್ಪೀಚ್ ಥೆರಪಿಸ್ಟ್ ಅಥವಾ ವಿಶೇಷ ಶಿಕ್ಷಕರು ಅಂತ ಹೇಳಿಕೊಂಡು ಬಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಕೆಡುವಾಗ ಕಾಣುವ ಸುಳಿವುಗಳೂ ಇವೆ. ಒಬ್ಬರು ಹತ್ತಿರ ಬಂದಾಗ ಮಾತ್ರ ಮೈ ಕುಗ್ಗಿಸುವುದು. ಕಾರಣ ಹೇಳಲಾಗದ ತರಚು, ಕಂದು ಗುರುತು. ತೂಕ ಇಳಿಯುವುದು. ಬರುತ್ತಿದ್ದ ಕೆಲಸ ಬಿಟ್ಟುಹೋಗುವುದು. ಇದ್ದಕ್ಕಿದ್ದ ಹಾಗೆ ಬಹಳ 'ಸಾಧು' ಆಗುವುದು. ಮನೆಯವರು ಸಮಾಧಾನಪಡುವುದು ಈ ಕೊನೆಯದನ್ನು ನೋಡಿ, ಅದಕ್ಕೇ ಇದರ ಮೇಲೆ ಜಾಸ್ತಿ ಕಣ್ಣಿಡಬೇಕು.

ನೋಟ್‌ಬುಕ್

ಚಿಕ್ಕಮ್ಮನ ತಲೆಯಲ್ಲಿ 29 ವರ್ಷದ ಜ್ಞಾನ ಇದೆ. ಅವನ ಯಾವ ಸದ್ದಿಗೆ ಹಸಿವು, ಯಾವ ಸದ್ದಿಗೆ ಹೊಟ್ಟೆನೋವು, ಯಾವ ಅಂಗಿ ಆಗದು, ಯಾವ ಹಾಡಿಗೆ ನಗುತ್ತಾನೆ ಎಲ್ಲವೂ. ಅವರು ಒಂದು ವಾರ ಆಸ್ಪತ್ರೆ ಸೇರಿದರೆ ಅದಷ್ಟೂ ಅವರ ಜೊತೆ ಹೋಗುತ್ತದೆ. ಹಾಗಾಗಿ ಈಗ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾರೆ. ಮೊದಲ ಪುಟದಲ್ಲಿ ಮಾತ್ರೆ, ಅಲರ್ಜಿ, ಡಾಕ್ಟರ ಫೋನ್ ನಂಬರು, ಫಿಟ್ಸ್ ಬಂದರೆ ಏನು ಮಾಡಬೇಕು. ಇದರ ಒಂದು ಜೆರಾಕ್ಸ್ ಫ್ರಿಜ್ ಬಾಗಿಲ ಮೇಲೆ, ಇನ್ನೊಂದು ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ. ಎರಡನೆಯ ಪುಟದಿಂದ ಅವನ ವಿಷಯ. ಬರೆಯುವಾಗ ಹೋಂ ನರ್ಸ್ ಹಿರಿಯರೂ ಪಕ್ಕದಲ್ಲಿ ಕೂತು ಒಂದೊಂದು ಸೇರಿಸುತ್ತಾರೆ, ಅವನಿಗೂ ಓದಿ ಹೇಳುತ್ತಾರೆ.

ಹೋದ ವಾರ ನಾನು ಹೋಗಿದ್ದಾಗ ಹದಿನೇಳನೆಯ ಪುಟ ನಡೆಯುತ್ತಿತ್ತು. ಅದರಲ್ಲಿ ಚಿಕ್ಕಮ್ಮನ ಅಕ್ಷರದಲ್ಲಿ ಹೀಗಿತ್ತು. "ಕುಕ್ಕರ್ ಒಲೆ ಮೇಲಿಡುವ ಮೊದಲು ಅವನ ಎದುರಿಗೆ ಹಿಡಿದು ತೋರಿಸಿ. ಮೂರು ಬೆರಳು ಎತ್ತಿ. ಅವನು ತಾನೇ ಎದ್ದು ರೂಮಿಗೆ ಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಾನೆ. ಮೂರನೇ ವಿಶಲ್ ಆದ ಮೇಲೆ ಬಾಗಿಲ ಹತ್ತಿರ ಹೋಗಿ ಆಯ್ತು ಕಣೋ ಅಂತ ಹೇಳಿ. ಮರೆಯಬೇಡಿ, ಹೇಳುವವರೆಗೂ ಕಾಯುತ್ತಾನೆ."